ನೀಲಪ್ಪ ಕಾಕಾನ ಪರಿಚಯ ಭಾಷಣ

ಕುಡಿತ, ಇಸ್ಪೀಟು, ತಂಬಾಕು ಇವುಗಳಲ್ಲಿ ಯಾವುದೂ ನನಗೆ ಅಂಟಲಿಲ್ಲ. ಅಂಟಿದ್ದು ಒಂದೇ ಚಟ, ಪರಿಚಯ ಭಾಷಣದ್ದು. ಸವಣೂರಿನಲ್ಲಿ ಯಾರಿಗಾದರೂ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುವುದಿದ್ದರೆ, ಅವರು ಎಂಥ ದೊಡ್ಡವರು ಎಂದು ಸಭೆಗೆ ತಿಳಿಸಿ ಹೇಳುವ ಕೆಲಸ ಬಹುತೇಕ ನನ್ನ ಪಾಲಿಗೇ ಬರುತ್ತದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು ನಾನು. ಪಿಂಚಣಿಯ ಜೊತೆಗೆ ನನಗೆ ಉಳಿದಿರುವ ಆಸ್ತಿ ಎಂದರೆ ವಿಶೇಷಣಗಳು. ಮನೆಯಲ್ಲಿ ಇಟ್ಟುಕೊಂಡರೆ ಹುಳ ಹಿಡಿಯುತ್ತವೆ, ಆದ್ದರಿಂದ ಕೈಬಿಚ್ಚಿ ಖರ್ಚು ಮಾಡುತ್ತೇನೆ. ತಲಾಠಿಯೊಬ್ಬರನ್ನು ಕಂದಾಯ ಲೋಕದ ಧ್ರುವತಾರೆ ಎಂದಿದ್ದೇನೆ. ಬಸ್ ಸ್ಟ್ಯಾಂಡಿನಲ್ಲಿ ಗಾಡಿಗಳ ವೇಳೆ ಬರೆದುಕೊಳ್ಳುತ್ತಿದ್ದವರೊಬ್ಬರನ್ನು ಕಾಲಪುರುಷ ಎಂದು ಬಣ್ಣಿಸಿದ್ದೇನೆ. ಅವರ ಕೈಗಡಿಯಾರ ನಿಂತು ಎಷ್ಟೋ ವರ್ಷವಾಗಿತ್ತು. ದನದ ಡಾಕ್ಟರರೊಬ್ಬರನ್ನು ಧನ್ವಂತರಿಯ ಅವತಾರವೆಂದು ಹೊಗಳಿದಾಗ, ಅವರ ಇಂಜೆಕ್ಷನ್ ಆದ ಮರುದಿನವೇ ಎಮ್ಮೆ ಕಳೆದುಕೊಂಡಿದ್ದ ರೈತನೊಬ್ಬ ಮುಂದಿನ ಸಾಲಿನಲ್ಲಿ ಕುಳಿತು ಮನಸಾರೆ ಚಪ್ಪಾಳೆ ತಟ್ಟಿದ. ಇಷ್ಟು ವರ್ಷಗಳಲ್ಲಿ ಒಬ್ಬರಾದರೂ ಎದ್ದು ನಿಂತು, ಮಾಸ್ತರ, ನಾನು ಅಂಥವನಲ್ಲ ಎಂದು ಹೇಳಿದ್ದಿಲ್ಲ. ತಲಾಠಿಯವರ ಹೆಂಡತಿ ಮಾತ್ರ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕದ್ದನ್ನು ನೋಡಿದ್ದೇನೆ. ಅದನ್ನು ನಾನು ಆನಂದಬಾಷ್ಪದ ಲೆಕ್ಕಕ್ಕೆ ಹಾಕಿಕೊಂಡೆ. ಹೊಗಳಿಕೆಯ ಸುಳ್ಳಿಗೆ ಯಾರೂ ಸಾಕ್ಷಿ ಕೇಳುವುದಿಲ್ಲ ಎಂಬ ನಂಬಿಕೆಯಲ್ಲಿ ನೆಮ್ಮದಿಯಾಗಿ ಮುದುಕನಾಗುತ್ತಿದ್ದೆ. ಆ ನೆಮ್ಮದಿಯನ್ನು ಕೆಡಿಸಿದವರು ನನ್ನ ಹೆಂಡತಿ ಗಿರಿಜಾಳ ಕಾಕಾ, ನೀಲಪ್ಪನವರು.

ನೀಲಪ್ಪ ಕಾಕಾ ಎಂದರೆ ಗಿರಿಜಾಳ ತಂದೆಯ ಖಾಸ ತಮ್ಮ. ಹುಟ್ಟಿದ್ದು ಶಿಗ್ಗಾವಿ ತಾಲೂಕಿನ ಹುಲಗೂರಿನಲ್ಲಿ. ಈಗ ಎಂಬತ್ತೈದು ದಾಟಿದೆ, ಚಿಕ್ಕೇರೂರಿನಲ್ಲಿ ಮಗಳು ಸುಮಂಗಲಾಳ ಮನೆಯಲ್ಲಿ ಇರುತ್ತಾರೆ. ಕಪ್ಪು ಬಿಳುಪಿನ ಕಾಲದಲ್ಲಿ ಅವರು ಸಿನಿಮಾ ನಟರಾಗಿದ್ದರು. ನಾನು ಗಿರಿಜಾಳನ್ನು ನೋಡಲು ಹೋದಾಗ ಮಧ್ಯಸ್ಥಿಕೆ ವಹಿಸಿದ ಹಿರಿಯರು, ಹೊಲ ಎಷ್ಟು, ಬಾವಿ ಎಲ್ಲಿ ಎಂಬುದಕ್ಕಿಂತ ಮೊದಲು ಹೇಳಿದ್ದು ಇದನ್ನೇ: ಹುಡುಗಿಯ ಕಾಕಾ ಸಿನಿಮಾದಲ್ಲಿದ್ದವರು. ನಮ್ಮವ್ವ ಅರ್ಧ ಒಪ್ಪಿಗೆ ಅಲ್ಲಿಯೇ ಕೊಟ್ಟುಬಿಟ್ಟಳು. ಉಳಿದರ್ಧ ಗಿರಿಜಾಳ ಕೈಯ ಉಪ್ಪಿಟ್ಟಿಗೆ. ಮದುವೆಯ ದಿನ ನಮ್ಮ ಕಡೆಯ ಬೀಗರೆಲ್ಲ ನೀಲಪ್ಪ ಕಾಕಾನ ಸುತ್ತಲೇ ನೆರೆದಿದ್ದರು. ನಮ್ಮ ಮದುವೆಯ ಗುಂಪಿನ ಫೋಟೋದಲ್ಲಿ ಈಗಲೂ ನೋಡಬಹುದು, ಅರ್ಧದಷ್ಟು ಜನ ಕ್ಯಾಮರಾ ಬಿಟ್ಟು ಅವರ ಕಡೆ ನೋಡುತ್ತಿದ್ದಾರೆ. ಮದುಮಗನಾದ ನಾನೂ ಆ ಅರ್ಧದಲ್ಲಿಯೇ ಇದ್ದೇನೆ.

ಅವರು ಮೂವತ್ತಕ್ಕೂ ಹೆಚ್ಚು ಸಿನಿಮಾಗಳಲ್ಲಿ ನಟಿಸಿದ್ದರೂ ಯಾವುದರಲ್ಲಿಯೂ ಒಂದೇ ಒಂದು ಮಾತು ಆಡಿಲ್ಲ ಎಂಬುದು ನನಗೆ ತಿಳಿದದ್ದು ಮದುವೆಯಾದ ಎಷ್ಟೋ ದಿನಗಳ ಮೇಲೆ, ಅದೂ ಕಂತು ಕಂತಾಗಿ. ಮೊದಲು ಒಂದು ಸಿನಿಮಾದಲ್ಲಿ ಮೂಕ ಸೇವಕ ಎಂದು ಗೊತ್ತಾಯಿತು. ಇರಲಿ, ಕಷ್ಟದ ಪಾತ್ರ ಎಂದುಕೊಂಡೆ. ಇನ್ನೊಂದರಲ್ಲಿ ಮೌನವ್ರತ ಹಿಡಿದ ಋಷಿ. ಮತ್ತೊಂದರಲ್ಲಿ ಬಾಯಿಗೆ ಬಟ್ಟೆ ತುರುಕಿ ಕಂಬಕ್ಕೆ ಕಟ್ಟಿದ ಕಾವಲುಗಾರ. ಒಂದರಲ್ಲಿ ಶಾಪದಿಂದ ಕಲ್ಲಾಗುವ ರಾಜ. ಶಾಪ ಬಿಡುಗಡೆಯಾಗುವ ಹೊತ್ತಿಗೆ ಸಿನಿಮಾ ಮುಗಿದಿರುತ್ತದೆ. ಎರಡು ಸಲ ಹೆಣವಾಗಿದ್ದರು. ಉಳಿದವುಗಳಲ್ಲೆಲ್ಲ ಈಟಿ ಹಿಡಿದು ಸಿಂಹಾಸನದ ಹಿಂದೆ ನಿಂತಿದ್ದರು. ಹೋದಲ್ಲೆಲ್ಲ ನಮ್ಮ ಮಾವನವರು ಸಿನಿಮಾ ನಟರು ಎಂದು ಸಾರಿಕೊಂಡು ಬಂದಿದ್ದ ನಾನು, ಆಮೇಲೆ 'ಭಾವಾಭಿನಯದಲ್ಲಿ ಎತ್ತಿದ ಕೈ' ಎಂದು ಹೇಳಲು ಶುರುಮಾಡಿದೆ. ನೋಡಿ, ವಿಶೇಷಣಗಳು ಇಂಥ ಹೊತ್ತಿನಲ್ಲಿ ಕೈ ಹಿಡಿಯುತ್ತವೆ.

ಹೋದ ವರ್ಷ ಹುಬ್ಬಳ್ಳಿಯಲ್ಲಿ ಅವರ ಕಣ್ಣಿನ ಪೊರೆ ತೆಗೆಸಿದರು. ಮತ್ತೆ ಮತ್ತೆ ತೋರಿಸಲು ಹೋಗಿಬರಲು ಚಿಕ್ಕೇರೂರಿಗಿಂತ ಸವಣೂರು ಹತ್ತಿರ ಎಂದು ಸುಮಂಗಲಾ ಒಂದು ತಿಂಗಳ ಮಟ್ಟಿಗೆ ಅವರನ್ನು ನಮ್ಮಲ್ಲಿ ಬಿಟ್ಟುಹೋದಳು. ಭಾರ ಎತ್ತಬಾರದು, ಬಗ್ಗಬಾರದು, ಮುಖಕ್ಕೆ ನೀರು ಸೋಕಿಸಬಾರದು ಎಂದು ಡಾಕ್ಟರರು ಹೇಳಿ ಕಳಿಸಿದ್ದರು. ಬಾಯಿಯ ವಿಷಯ ಏನೂ ಹೇಳಿರಲಿಲ್ಲ. ತೆರೆಯ ಮೇಲೆ ಒಂದು ಸೊಲ್ಲೂ ಎತ್ತದ ಈ ಮನುಷ್ಯ ನಮ್ಮ ಮನೆಯಲ್ಲಿ ಬೆಳಗಿನ ಚಹಾದಿಂದ ಹಿಡಿದು ಹಾಸಿಗೆ ಸೇರುವವರೆಗೆ ಮಾತು ನಿಲ್ಲಿಸಲಿಲ್ಲ. ಹಾಲು ಹಾಕುವ ಹೆಂಗಸಿನೊಡನೆ ಅವಳ ಆಕಳಿನ ವಂಶಾವಳಿ ವಿಚಾರಿಸುವರು. ಸಿಲಿಂಡರ್ ಹೊತ್ತು ತಂದವನನ್ನು ಬಾಗಿಲಲ್ಲಿಯೇ ನಿಲ್ಲಿಸಿಕೊಂಡು, ಅವನ ಹೆಗಲ ಮೇಲಿನ ಸಿಲಿಂಡರ್ ಇಳಿಸುವುದಕ್ಕೂ ಪುರುಸೊತ್ತು ಕೊಡದೆ, ಅವನ ಸೋದರಮಾವ ಹುಲಗೂರಿನವನೇ ಎಂದು ಪತ್ತೆ ಹಚ್ಚುವರು. ಟಿವಿಯಲ್ಲಿ ವಾರ್ತೆ ಓದುವವಳು ನಮಸ್ಕಾರ ಎಂದರೆ, ಶರಣ್ರಿ ಯವ್ವಾ ಎಂದು ತಿರುಗಿ ಹೇಳುವರು. ಜಳಕದ ಮನೆಯ ಬಾಗಿಲು ಹಾಕಿಕೊಂಡ ಮೇಲೂ ಮಾತು ಹೊರಗೆ ಬರುತ್ತಲೇ ಇರುತ್ತಿತ್ತು. ದಿನಕ್ಕೆ ನಾಲ್ಕು ಸಲ ಗಿರಿಜಾ ಅವರ ಕಣ್ಣಿಗೆ ಔಷಧ ಬಿಡುತ್ತಿದ್ದಳು. ಕಣ್ಣು ಮುಚ್ಚಿಕೊಂಡು ಹತ್ತು ನಿಮಿಷ ಸುಮ್ಮನೆ ಮಲಗಬೇಕು. ಅವರು ಕಣ್ಣು ಮುಚ್ಚುತ್ತಿದ್ದರು, ಅಷ್ಟೆ.

ಇದರಲ್ಲಿ ನನ್ನ ಸಂಕಟ ಏನೆಂದು ಹೇಳಿಬಿಡುತ್ತೇನೆ. ಮಾಸ್ತರಿಕೆ ಮಾಡಿದವರಿಗೆ ಒಂದು ಸುಖ ಅಭ್ಯಾಸವಾಗಿರುತ್ತದೆ. ನಲವತ್ತು ಜನ ಬಾಯಿ ಮುಚ್ಚಿಕೊಂಡು ಕುಳಿತಿರುತ್ತಾರೆ, ನಾವು ಮಾತಾಡುತ್ತಿರುತ್ತೇವೆ. ನಿವೃತ್ತಿಯಾದ ಮೇಲೆ ಆ ನಲವತ್ತರ ಜಾಗದಲ್ಲಿ ಗಿರಿಜಾ ಒಬ್ಬಳೇ ಉಳಿದಿದ್ದಳು. ಈಗ ಅವಳೂ ಕೈತಪ್ಪಿದಳು. ನಾನು 'ಬಿ.ಎಡ್. ಓದುವಾಗ ಒಮ್ಮೆ' ಎಂದು ಶುರುಮಾಡಿದರೆ ಸಾಕು, ಕಾಕಾ ಅಲ್ಲಿಂದಲೇ ತಮ್ಮ ಸಿನಿಮಾ ಕಾಲದ ಮದ್ರಾಸಿನ ಗಾಡಿ ಹತ್ತಿಬಿಡುತ್ತಿದ್ದರು. ನನ್ನ ಬಿ.ಎಡ್. ಕಥೆ ಆ ಇಡೀ ತಿಂಗಳು ಮೊದಲ ವಾಕ್ಯ ದಾಟಲಿಲ್ಲ.

ಹೀಗಿರುವಾಗ ಒಂದು ದಿನ ಹಾನಗಲ್ಲಿನಿಂದ ಇಬ್ಬರು ಬಂದರು. ಅಲ್ಲಿಯ ಒಂದು ಕಲಾ ಸಂಘದವರು. ಕಾಕಾ ಚಿಕ್ಕ ವಯಸ್ಸಿನಲ್ಲಿ ನಾಟಕ ಕಂಪನಿ ಸೇರಿದ್ದು ಹಾನಗಲ್ಲಿನಲ್ಲಿಯೇ, ಆ ಕಂಪನಿಯ ರಂಗದ ಮೇಲೆ ಅವರ ದನಿ ಕೇಳಿಯೇ ಯಾರೋ ಅವರನ್ನು ಮದ್ರಾಸಿಗೆ ಕರೆದೊಯ್ದದ್ದು. ಹಾಗಾಗಿ ಅಲ್ಲಿಯೇ ಸನ್ಮಾನ ಮಾಡುವ ಆಸೆ ಅವರದು. ಕಾಕಾ ಒಪ್ಪಿದರು. ಪರಿಚಯ ಭಾಷಣ ಯಾರು ಮಾಡಬೇಕು ಎಂಬ ಮಾತು ಬಂದಾಗ ನಾನು ಛಾವಣಿ ನೋಡುತ್ತ ಕುಳಿತೆ. ಅವರು ಕೇಳಿದ ಮೇಲೆ, ಅದಕ್ಕಾಗಿ ನಾನು ಕಾದೇ ಇರಲಿಲ್ಲ ಎಂಬಂತೆ ಮುಖ ಮಾಡಿ ಒಪ್ಪಿಕೊಂಡೆ.

ಮರುದಿನವೇ ಹೊಸ ನೋಟಬುಕ್ಕು ತಂದು ಕಾಕಾನ ಎದುರು ಕುಳಿತೆ. ನಿಮ್ಮ ಕಲಾಜೀವನದ ಮೈಲಿಗಲ್ಲುಗಳು ಯಾವುವು ಎಂದು ಕೇಳಿದೆ. ಅವರು ಕುದುರೆಯ ವಿಷಯ ಹೇಳಿದರು. ಯಾವುದೋ ಯುದ್ಧದ ಸಿನಿಮಾದಲ್ಲಿ ಒಂದು ಮುದಿ ಕುದುರೆ ಇತ್ತಂತೆ, ಅದು ನಾಯಕನನ್ನು ಬೆನ್ನ ಮೇಲೆ ಹೊರುವುದು, ಇವರ ಭುಜ ಕಚ್ಚುವುದು. ಪಾತ್ರದ ಒಳಹೊಕ್ಕು ನಟಿಸುವಾಗ ನಿಮ್ಮ ಮನಸ್ಸಿನಲ್ಲಿ ಏನಿರುತ್ತಿತ್ತು ಎಂದು ಕೇಳಿದೆ. ಗಡ್ಡಕ್ಕೆ ಹಚ್ಚುವ ಅಂಟು ತುರಿಸುತ್ತಿತ್ತು, ಋಷಿ ಆಗಿದ್ದರಿಂದ ಕೆರೆದುಕೊಳ್ಳುವ ಹಾಗಿರಲಿಲ್ಲ ಎಂದರು. ಮರದ ಈಟಿಗೆ ಬೆಳ್ಳಿ ಕಾಗದ ಸುತ್ತಿರುತ್ತಿದ್ದರು, ದೀಪಗಳ ಕಾವಿಗೆ ಅದು ಮುದುರಿಕೊಂಡು ಬಾಳೆಹಣ್ಣಿನ ಸಿಪ್ಪೆಯಂತೆ ಇಳಿಬೀಳುತ್ತಿತ್ತು ಎಂದರು. ಮಧ್ಯಾಹ್ನ ಮೊಸರನ್ನ, ರಾತ್ರಿ ಸಾರನ್ನ, ಬಿಳಿಜೋಳದ ರೊಟ್ಟಿ ಹುಡುಕಿಕೊಂಡು ಮದ್ರಾಸಿನ ಓಣಿ ಓಣಿ ತಿರುಗಿದೆ ಎಂದರು. ನಾನು ಪ್ರಶಸ್ತಿಗಳ ಬಗ್ಗೆ ಕೇಳಿದೆ. ಅವರು ಕುದುರೆಯ ಹೆಸರು ನೆನಪಿಸಿಕೊಳ್ಳಲು ನೋಡಿದರು. ಎರಡು ತಾಸಿನ ಮೇಲೆ ನನ್ನ ನೋಟಬುಕ್ಕಿನಲ್ಲಿ 'ಕುದುರೆ', 'ಅಂಟು', 'ರೊಟ್ಟಿ' ಎಂಬ ಮೂರು ಶಬ್ದಗಳಿದ್ದವು. ಇವುಗಳಿಂದ ಯಾವ ಮಹಾಪುರುಷನನ್ನೂ ಕಟ್ಟಲಾಗುವುದಿಲ್ಲ.

ಕೊನೆಗೆ, ಅಷ್ಟು ಸಿನಿಮಾ ಮಾಡಿದವರು ಬಿಟ್ಟು ಬಂದದ್ದು ಯಾಕೆ ಎಂದು ಕೇಳಿದೆ. ಕಾಕಾ ಸುಮ್ಮನಾದರು. ನಮ್ಮ ಮನೆಗೆ ಬಂದ ಮೇಲೆ ಅದೇ ಮೊದಲ ಸಲ. ಸ್ವಲ್ಪ ಹೊತ್ತು ಕೈಬೆರಳು ನೋಡಿಕೊಂಡಿದ್ದು, ಚಹಾ ಆಗಿದೆಯೇನು ಎಂದು ಗಿರಿಜಾಳನ್ನು ಕೂಗಿ ಕೇಳಿದರು. ಜಾಣನಾದ ನಾನು ಅಷ್ಟರಲ್ಲಿಯೇ ಅರ್ಥ ಮಾಡಿಕೊಂಡೆ. ದೊಡ್ಡ ನಟರ ಹೊಟ್ಟೆಕಿಚ್ಚು. ಇವರ ಪ್ರತಿಭೆ ನೋಡಿ ತಡೆದುಕೊಳ್ಳಲಾಗದೆ ತುಳಿದಿದ್ದಾರೆ, ಪಾಪ, ಹೇಳಿಕೊಳ್ಳಲು ಸಂಕೋಚ. ಅದನ್ನೇ ಬರೆದುಕೊಂಡೆ. ಮತ್ತೊಮ್ಮೆ ಕೇಳಿ ಖಚಿತ ಮಾಡಿಕೊಳ್ಳಬಹುದಿತ್ತು. ಆದರೆ ಒಂದು ಒಳ್ಳೆಯ ಸುಳ್ಳು ಕೈಗೆ ಸಿಕ್ಕ ಮೇಲೆ ನಿಜದ ಬೆನ್ನು ಹತ್ತುವುದು ಭಾಷಣಕಾರನಿಗೆ ಹೇಳಿಸಿದ ಕೆಲಸವಲ್ಲ.

ಸಭೆಯಲ್ಲಿ ಅವರ ಒಂದು ದೃಶ್ಯ ತೋರಿಸಿದರೆ ಚೆನ್ನ ಎಂದು ಸಂಘದವರು ಹೇಳಿದ್ದರು. ಶಿಗ್ಗಾವಿಯಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿರುವ ಮಹಬೂಬ ನನ್ನ ಹಳೆಯ ವಿದ್ಯಾರ್ಥಿ, ಈಗ ಐವತ್ತರ ಹತ್ತಿರದವನು. ಅವನು ಎಲ್ಲೆಲ್ಲಿಯೋ ಹುಡುಕಿ ಒಂದು ಹಳೆಯ ಸಿನಿಮಾ ಪತ್ತೆ ಮಾಡಿ, ಒಂದು ಮಧ್ಯಾಹ್ನ ಬಂದು ನಮ್ಮ ಟಿವಿಗೆ ಹಚ್ಚಿಕೊಟ್ಟ. ಚಿತ್ರದ ಮೇಲೆಲ್ಲ ಮಳೆ ಸುರಿದಂತೆ ಗೆರೆಗಳು. ಆಸ್ಥಾನ, ನೃತ್ಯ, ಸಿಂಹಾಸನದ ಹಿಂದೆ ಬರಿಮೈಯ, ಹುರಿಮೀಸೆಯ ಒಬ್ಬ ಎತ್ತರದ ಯುವಕ. ಅವರೇ. ಕಪ್ಪು ಕನ್ನಡಕ ಹಾಕಿಕೊಂಡು ಕುಳಿತಿದ್ದ ಕಾಕಾ, ಕ್ಯಾಮರಾದ ಆಚೆ ಯಾರು ಯಾರು ನಿಂತಿದ್ದರು, ಆ ನರ್ತಕಿಯ ಕಾಲಿಗೆ ಮುಳ್ಳು ಚುಚ್ಚಿ ಎಷ್ಟು ಸಲ ಶೂಟಿಂಗ್ ನಿಂತಿತು ಎಂದೆಲ್ಲ ಹೇಳುತ್ತಿದ್ದರು. ನಾನು ತೆರೆಯ ಮೇಲಿನ ಅವರ ತುಟಿಯನ್ನೇ ನೋಡುತ್ತಿದ್ದೆ, ಎಲ್ಲಾದರೂ ಅಲುಗಿದರೆ 'ಸಂಭಾಷಣೆ' ಎಂದು ಬರೆಯಬಹುದಲ್ಲ. ಅಲುಗಲಿಲ್ಲ. ರಾಣಿ ಬರುವಾಗ ಅವರು ಒಮ್ಮೆ ಕತ್ತು ಹೊರಳಿಸಿ ನೋಡಿದರು, ಅಷ್ಟೆ.

ಗಿರಿಜಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವಳು ಒಳಗೆ ಬಂದು ನೆಲದ ಮೇಲೆ ಕುಳಿತಳು. ಅದನ್ನ ಇನ್ನೊಮ್ಮೆ ಹಚ್ಚಪ್ಪಾ ಎಂದು ಮಹಬೂಬನಿಗೆ ಹೇಳಿದಳು. ಅವನು ಹಿಂದಕ್ಕೆ ಸರಿಸಿ ಮತ್ತೆ ಹಚ್ಚಿದ. ಮತ್ತೊಮ್ಮೆ ಎಂದಳು. ನಾಲ್ಕನೆಯ ಸಲಕ್ಕೆ ನನಗೆ ತಿಳಿಯಿತು, ಅವಳು ಅಳುತ್ತಿದ್ದಾಳೆ. ಅವಳ ತಂದೆ ತೀರಿಕೊಂಡಾಗ ಅವಳು ಶಾಲೆಯಲ್ಲಿ ಎರಡನೆಯ ಇಯತ್ತೆಯಲ್ಲಿದ್ದಳು. ಮನೆಯಲ್ಲಿ ಅವರದೊಂದೇ ಫೋಟೋ ಇದೆ, ಅರ್ಜಿಗೆ ಅಂಟಿಸಲು ತೆಗೆಸಿದ್ದು, ಬಿಗಿದುಕೊಂಡು ಕುಳಿತಿದ್ದಾರೆ.

"ನಮ್ಮಪ್ಪ ಹಿಂಗ ಹೊಳ್ಳಿ ನೋಡ್ತಿದ್ದ," ಎಂದಳು. "ನನಗ ಮರ್ತ ಹೋಗಿತ್ತು."

ಕಾಕಾ ಮಾತು ನಿಲ್ಲಿಸಿ ಅವಳ ತಲೆಯ ಮೇಲೆ ಕೈಯಿಟ್ಟರು. "ಅಣ್ಣಾಂದೂ ನಂದೂ ಒಂದ ಅಚ್ಚು, ಗಿರ್ಜವ್ವ. ನನ್ನ ನೋಡಿದ್ರ ಅವನ್ನ ನೋಡಿದಂಗ," ಎಂದರು. ಮಹಬೂಬ ಕೇಳದಿದ್ದರೂ ಐದನೆಯ ಸಲ ಹಚ್ಚಿದ. ಆ ಹೊತ್ತಿನಲ್ಲಿ ನಾನು ಏನು ಮಾಡುತ್ತಿದ್ದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನೋಟಬುಕ್ಕಿನಲ್ಲಿ 'ಬೆಳ್ಳಿತೆರೆಯ ಸಿಡಿಲು' ಎಂದು ಬರೆದು, 'ಸಿಡಿಲು' ಸರಿಯೋ 'ಸಿಡಿಲಮರಿ' ಸರಿಯೋ ಎಂದು ಯೋಚಿಸುತ್ತಿದ್ದೆ.

ಹಾನಗಲ್ಲಿನ ಸಭೆ ಒಂದು ಭಾನುವಾರ ಮುಂಜಾನೆ ಹನ್ನೊಂದಕ್ಕಿತ್ತು. ಇನ್ನೂರು ಕುರ್ಚಿ, ಅರವತ್ತು ಜನ. ಸುಮಂಗಲಾ ಚಿಕ್ಕೇರೂರಿನಿಂದ ನೇರವಾಗಿ ಬಂದು ಗಿರಿಜಾಳ ಪಕ್ಕದಲ್ಲಿ ಕುಳಿತಿದ್ದಳು. ಕಾಕಾ ಇಸ್ತ್ರಿ ಮಾಡಿದ ಬಿಳಿ ಧೋತರ, ಹಣೆಗೆ ವಿಭೂತಿ, ಕಪ್ಪು ಕನ್ನಡಕದಲ್ಲಿ ನಿಜವಾಗಿಯೂ ನಟರಂತೆಯೇ ಕಾಣುತ್ತಿದ್ದರು. ನಾನು ಎದ್ದು ಏಳು ಪುಟದ ಭಾಷಣ ಬಿಚ್ಚಿದೆ. ಹುಲಗೂರಿನ ಮಣ್ಣಿನಲ್ಲಿ ಅರಳಿದ ಕಲಾಕುಸುಮದಿಂದ ಶುರುವಾಗಿ ಮದ್ರಾಸಿನ ಬಾನಿನಲ್ಲಿ ಬೆಳಗಿದ ನಕ್ಷತ್ರದವರೆಗೆ ಬಂದೆ. ಸಭೆ ಎಂದಿನಂತೆ ಅರೆನಿದ್ದೆಯಲ್ಲಿ ತೂಗುತ್ತಿತ್ತು. ನೀಲಪ್ಪನವರ ಕಂಚಿನ ಕಂಠ ಬೆಳ್ಳಿತೆರೆಯನ್ನೇ ನಡುಗಿಸಿತ್ತು, ಅವರ ಒಂದೊಂದು ಮಾತಿಗೂ ಪ್ರೇಕ್ಷಕರು ಶಿಳ್ಳೆ ಹಾಕುತ್ತಿದ್ದರು ಎಂದಾಗ ನನ್ನ ಹಿಂದೆ ಕುರ್ಚಿ ಸರಿದ ಸಪ್ಪಳ ಕೇಳಿಸಿತು. ಯಾರೋ ಕಾಲು ಚಾಚಿರಬೇಕು ಎಂದುಕೊಂಡೆ. ಅವರ ಏಳಿಗೆ ಸಹಿಸಲಾರದೆ ಅಂದಿನ ದೊಡ್ಡ ದೊಡ್ಡ ನಟರು ಒಳಗೊಳಗೇ ಪಿತೂರಿ ಮಾಡಿ ಅವರನ್ನು ಮೂಲೆಗೆ ತಳ್ಳಿದರು ಎಂದು, ದನಿಯಲ್ಲಿ ಸ್ವಲ್ಪ ನಡುಕ ತಂದುಕೊಂಡು ಓದುತ್ತಿರುವಾಗ ಯಾರೋ ನನ್ನ ಭುಜ ಹಿಡಿದರು.

"ಅಳಿಯಂದ್ರ, ಒಂದ್ ನಿಮಿಷ ತಡೀರಿ. ಅದು ಸುಳ್ಳೈತಿ."

ಮೈಕು ಒಳ್ಳೆಯದಿತ್ತು. ಅರವತ್ತೂ ಜನ ಎದ್ದು ಕುಳಿತರು. ಗಿರಿಜಾಳ ಮುಖ ನೋಡುವ ಧೈರ್ಯವಾಗದೆ ನಾನು ಏಳು ಪುಟಗಳನ್ನು ಜೋಡಿಸುತ್ತ ನಿಂತೆ. ಕಾಕಾ ನನ್ನನ್ನು ತಳ್ಳಲಿಲ್ಲ, ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಇವರು ಭಾಳ ಛಲೋ ಮನಶ್ಯಾರು," ಎಂದರು ಸಭೆಗೆ. "ನನ್ನ ಮ್ಯಾಲಿನ ಪ್ರೀತಿಗೆ ಬರದಾರ. ನನ್ನ ಮ್ಯಾಲೆ ಎಷ್ಟರ ಸುಳ್ಳು ಹೇಳ್ಲಿ, ನಾ ಇಲ್ಲೇ ಅದೇನಿ, ತಡಕೋತೇನಿ. ಆದ್ರ ಆ ನಟರೆಲ್ಲ ಈಗ ಇಲ್ಲ. ಸತ್ತವರ ಮ್ಯಾಲೆ ಸುಳ್ಳು ಹೇಳಬಾರ್ದು. ತಮ್ಮ ಮಗ್ಗಲದಾಗ ನನ್ನ ಕುಂದ್ರಿಸ್ಕೊಂಡು ಉಣಿಸಿದವ್ರು ಅವ್ರು."

ಆಮೇಲೆ ಅವರು ಹೇಳಿದ್ದನ್ನು ಸುಮಂಗಲಾ ಕೂಡ ಅದುವರೆಗೆ ಕೇಳಿರಲಿಲ್ಲ. ಮೊದಲನೆಯ ಸಿನಿಮಾದಲ್ಲಿ ಅವರಿಗೆ ಸೇನಾಪತಿಯ ಪಾತ್ರ ಕೊಟ್ಟಿದ್ದರಂತೆ, ಮಾತೂ ಇದ್ದವು, ನಾಲ್ಕು. ಇವರು ಹೇಳಿದರು. ಸೆಟ್ಟಿನಲ್ಲಿದ್ದವರೆಲ್ಲ ನಕ್ಕರು. ಕೆಟ್ಟ ನಗೆಯಲ್ಲ, ತಡೆಯಲಾಗದೆ ಬಂದ ನಗೆ. ನಮ್ಮ ಕಡೆಯ ಮಾತು ಅಲ್ಲಿಯ ಸೇನಾಪತಿಗೆ ಒಗ್ಗುವಂತಿರಲಿಲ್ಲ. ಮತ್ತೆ ಹೇಳಿಸಿದರು, ಮತ್ತೆ ನಕ್ಕರು. ಮುಖ ಚೆನ್ನಾಗಿದೆ, ಮಾತು ಬೇಡ ಎಂದು ನಿರ್ದೇಶಕರು ನಾಲ್ಕನ್ನೂ ತೆಗೆದು ಈಟಿ ಕೊಟ್ಟರು. ಮೂಕನಾಗಿ ಇವರು ಎಷ್ಟು ಚೆನ್ನಾಗಿ ನಿಂತರೆಂದರೆ, ಆಮೇಲೆ ಎಲ್ಲಿ ಮೂಕ ಬೇಕಾದರೂ ಹುಲಗೂರ ನೀಲಪ್ಪನನ್ನು ಕರೆಯಿರಿ ಎಂದಾಯಿತು. ಕಾಕಾ ಹಟ ಬಿಡಲಿಲ್ಲ. ಒಂದು ಮಾತಾದರೂ ಸಿಕ್ಕಬೇಕು ಎಂದು ಕೋಣೆಯಲ್ಲಿ ಕನ್ನಡಿಯ ಮುಂದೆ ನಿಂತು ಸಿನಿಮಾದವರ ಕನ್ನಡ ಕಲಿತರು. ಯೋಚಿಸುವುದನ್ನೂ ಅದರಲ್ಲಿಯೇ ಮಾಡಿದರು. ಸೆಟ್ಟಿನಲ್ಲಿ ಮಾತಿಲ್ಲ, ಓಣಿಯಲ್ಲಿ ತಮಿಳು, ಕೋಣೆಯಲ್ಲಿ ಕನ್ನಡಿ. ಹೀಗೆ ಐದಾರು ವರ್ಷ.

ಭಾನುವಾರ ಮಾತ್ರ ರೈಲು ನಿಲ್ದಾಣಕ್ಕೆ ಹೋಗುತ್ತಿದ್ದರು. ಬೆಂಗಳೂರಿನ ಗಾಡಿಯಿಂದ ಇಳಿಯುವವರಲ್ಲಿ ಯಾರಾದರೂ ನಮ್ಮ ಕಡೆಯವರು ಇರಬಹುದು, ಅವರ ಮಾತು ಕಿವಿಗೆ ಬೀಳಬಹುದು ಎಂದು ಪ್ಲಾಟ್‌ಫಾರ್ಮಿನ ಮೇಲೆ ನಿಂತಿರುತ್ತಿದ್ದರು. ಒಂದು ಭಾನುವಾರ ಯಲವಿಗಿ ಕಡೆಯ ಗಂಡ ಹೆಂಡತಿ ಇಳಿದರು. ರೊಟ್ಟಿಯ ಗಂಟು ಗಾಡಿಯಲ್ಲಿಯೇ ಬಿಟ್ಟು ಇಳಿದದ್ದಕ್ಕೆ ಹೆಂಡತಿ ಗಂಡನನ್ನು ಬೈಯುತ್ತಿದ್ದಳು. ಆ ಬೈಗುಳ ಕೇಳುತ್ತ ಕಾಕಾ ಅವರ ಹಿಂದೆಯೇ ನಡೆದರು. ಗಂಡನಿಗೆ ಅನುಮಾನ ಬಂದು ನಿಂತ, ಯಾರು ಬೇಕಾಗಿತ್ತು ಎಂದು ಕೇಳಿದ. ಕಾಕಾನ ಬಾಯಿಂದ ಬಂದದ್ದು ಕನ್ನಡಿಯ ಮುಂದಿನ ಮಾತು: ನಾನು ಹುಲಗೂರಿನವನು, ನಿಮ್ಮನ್ನು ಕಂಡು ಬಹಳ ಸಂತೋಷವಾಯಿತು.

"ಆ ಹೆಣ್ಮಗಳು ಚೀಲಾ ಎದಿಗೆ ಅವಚಿಕೊಂಡ್ಳು," ಎಂದರು ಕಾಕಾ. "ಹುಲಗೂರಾಗ ಹಿಂಗ ಯಾರ್ ಮಾತಾಡ್ತಾರೋ ಯಪ್ಪಾ, ಯಾರನ್ನ ಮೋಸ ಮಾಡಾಕ ನಿಂತೀ ಇಲ್ಲಿ, ಅಂದ್ಳು. ನಾ ಕಳ್ಳ ಅಂತ ತಿಳಕೊಂಡ್ರು. ಗಂಡನ ಕೈ ಹಿಡಕೊಂಡು ಬಿರಬಿರ ಹೋದ್ಳು. ಸೆಟ್ಟಿನ ಮ್ಯಾಲಿನ ಮಂದಿ ನಕ್ಕಾಗ ನನಗ ಏನೂ ಅನಿಸಿದ್ದಿಲ್ಲ. ಅವತ್ತ ಅನಿಸ್ತು."

ಮರುದಿನ ಅವರು ಯಾರಿಗೂ ಹೇಳದೆ ಗಾಡಿ ಹತ್ತಿದರು. ಯಲವಿಗಿಯಲ್ಲಿ ಇಳಿದು, ಒಂದಷ್ಟು ದೂರ ಯಾರದೋ ಎತ್ತಿನ ಗಾಡಿಯಲ್ಲಿ, ಉಳಿದಷ್ಟು ನಡೆದು ಹುಲಗೂರಿಗೆ ಬಂದರು. ಗಾಡಿ ಹೊಡೆಯುವವನು ಯಾವೂರು ಎಂದು ಕೇಳಿದಾಗ ಬಾಯಿ ಬಿಡಲು ಹೆದರಿಕೆಯಾಗಿ ಕೈ ಮಾಡಿ ತೋರಿಸಿದರಂತೆ. ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ತಾಯಿ ಮೊರ ಕೆಳಗಿಟ್ಟು, ಹೇಳದೆ ಕೇಳದೆ ಯಾಕೆ ಬಂದೆ ಎಂದಳು.

"ಮಾತಾಡಾಕ ಬಂದೇನಬೇ, ಅಂದ್ನಿ. ಅಷ್ಟು ಅನ್ನೂದ್ರಾಗ ನನ್ನ ಮಾತು ನನಗ ಹೊಳ್ಳಿ ಬಂದಿತ್ತು. ಅವತ್ತ ತಗದ ಬಾಯಿ ಇನ್ನೂ ಮುಚ್ಚಿಲ್ಲ. ಬೇಕಾದ್ರ ನಮ್ಮ ಅಳಿಯಂದ್ರನ್ನ ಕೇಳ್ರಿ, ಒಂದ್ ತಿಂಗಳಾತು ಅನುಭವಿಸಾಕತ್ತಾರ."

ಸಭೆ ನಕ್ಕಿತು. ನಾನೂ ನಕ್ಕೆ, ನಗದೆ ಬೇರೆ ದಾರಿ ಇರಲಿಲ್ಲ. ಆಗ ಹಿಂದಿನ ಸಾಲಿನಿಂದ ಒಬ್ಬ ವಯಸ್ಸಾದ ಹೆಂಗಸು ಎದ್ದು, ಅವತ್ತು ಆಡಗೊಡದ ನಾಲ್ಕು ಮಾತು ಈಗ ಹೇಳಬೇಕು ಎಂದಳು. ಕಾಕಾ ಮೈಕಿನಿಂದ ಎರಡು ಹೆಜ್ಜೆ ಹಿಂದೆ ಸರಿದರು. ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು.

"ಮಾರಾಜ್ರ, ವೈರಿ ದಂಡು ಅಗಸಿಗೆ ಬಂದು ನಿಂತೈತಿ. ನೀವು ಒಳಗ ನಡೀರಿ. ನಾ ಉಸರಾಡೂತನಕ ಅವ್ರ ಕಾಲು ಈ ಹೊಸ್ತಲಾ ದಾಟೂದಿಲ್ಲ."

ನಾನು ಅವರ ಮಗ್ಗುಲಲ್ಲಿಯೇ ನಿಂತಿದ್ದೆ. ಹೊರಗೆ ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬ ಸೈಕಲ್ ನಿಲ್ಲಿಸಿ ಕಿಟಕಿಯಲ್ಲಿ ಇಣುಕಿದ. ಯಾರೂ ನಗಲಿಲ್ಲ. ನಾಲ್ಕನೆಯ ಮಾತು ಬರಲಿಲ್ಲ. ಕಾಕಾ ಹುಡುಕಿದರು, ಹಣೆ ಒತ್ತಿಕೊಂಡರು, ಕೊನೆಗೆ ನನ್ನ ಕಡೆ ನೋಡಿದರು, ನಿಮಗೇನಾದರೂ ಗೊತ್ತೇ ಎಂಬಂತೆ. ಏಳು ಪುಟ ಹುಟ್ಟಿಸಿದ ನನಗೆ ಒಂದು ಸಾಲೂ ಹೊಳೆಯಲಿಲ್ಲ. "ನಾಕನೇದು ಮರ್ತೇನ್ರಿ," ಎಂದು ಅವರು ಕೈ ಮುಗಿದರು. ಅರವತ್ತು ಜನರ ಚಪ್ಪಾಳೆ ಇನ್ನೂರು ಕುರ್ಚಿಗಳಿಗೂ ಸಾಕಾಯಿತು. ಸುಮಂಗಲಾ ಎದ್ದು ಬಂದು ಅಪ್ಪನ ಕೈ ಹಿಡಿದುಕೊಂಡಳು.

ತಿರುಗಿ ಬರುವಾಗ ಕಾರಿನಲ್ಲಿ ನಾನು ಮುಂದಿನ ಸೀಟಿನಲ್ಲಿ ಕುಳಿತು ರಸ್ತೆ ನೋಡುತ್ತಿದ್ದೆ. ಕೊನೆಗೆ ತ್ರಾಸು ಪಟ್ಟು ಹಿಂದಕ್ಕೆ ಹೊರಳಿ, ತಪ್ಪಾಯಿತು ಕಾಕಾ, ಕೇಳದೆ ಬರೆಯಬಾರದಿತ್ತು ಎಂದೆ. ಅವರು ಹಣ್ಣಿನ ಬುಟ್ಟಿಯಿಂದ ಒಂದು ಚಿಕ್ಕು ಒರೆಸಿ ನನ್ನ ಕೈಗೆ ಕೊಟ್ಟು, ಆ ಕುದುರೆಯ ಹೆಸರು ಸಭೆಯ ನಡುವೆ ನೆನಪಾಗಿತ್ತು, ಈಗ ಮತ್ತೆ ಹೋಯಿತು ಎಂದು ಪೇಚಾಡಿದರು. ವಾರದ ಮೇಲೆ ಅವರನ್ನು ಚಿಕ್ಕೇರೂರಿಗೆ ಕಳಿಸಿಕೊಟ್ಟೆವು. ನಾನು ಪರಿಚಯ ಭಾಷಣ ಬಿಟ್ಟೆ. ಸವಣೂರಿನಲ್ಲಿ ನನ್ನ ಬಾಯಿಲ್ಲದೆಯೇ ಎರಡು ಸನ್ಮಾನ ನಡೆದವು. ಎರಡರಲ್ಲಿಯೂ ಶಾಲು ಸರಿಯಾಗಿಯೇ ಕುಳಿತಿತು ಎಂದು ಕೇಳಿ ಸ್ವಲ್ಪ ಬೇಸರವಾಯಿತು.

ಹೋದ ವಾರ ಸುಮಂಗಲಾ ಫೋನ್ ಮಾಡಿದಳು. ಹಾನಗಲ್ಲಿನ ಸುದ್ದಿ ಕೇಳಿ ಹಿರೇಕೆರೂರಿನವರೂ ಅಪ್ಪನನ್ನು ಕರೆದಿದ್ದಾರೆ, ಅಪ್ಪ ಒಪ್ಪಿದ್ದಾನೆ, ಆದರೆ ನಿಮ್ಮ ಯಜಮಾನರೇ ಪರಿಚಯ ಮಾಡಬೇಕು ಎಂದು ಪಟ್ಟು ಹಿಡಿದಿದ್ದಾನೆ ಎಂದು ಗಿರಿಜಾಳಿಗೆ ಹೇಳಿದಳು. ನಾನು ಫೋನ್ ಇಸಿದುಕೊಂಡು, ಮಾಡಿದರೆ ಇನ್ನು ಮೇಲೆ ನಿಜವನ್ನೇ ಹೇಳುವವನು, ಊರು, ಹೆಸರು, ಮಾಡಿದ ಪಾತ್ರ, ಐದು ನಿಮಿಷದಲ್ಲಿ ಮುಗಿಸುತ್ತೇನೆ ಎಂದು ಗಂಭೀರವಾಗಿ ತಿಳಿಸಿದೆ. ಅತ್ತ ಕಡೆ ಫೋನ್ ಕೈ ಬದಲಾಯಿತು.

"ಖರೇ ಹೇಳಿದ್ರ ನಾ ಎದ್ದು ಏನ್ ಹೇಳ್ಲಿ, ಅಳಿಯಂದ್ರ?" ಎಂದರು ಕಾಕಾ. "ಹಾನಗಲ್ಲದಾಗ ನಿಮ್ಮ ಸುಳ್ಳು ಕೇಳಿ ಸಿಟ್ಟು ಬಂತು. ಆ ಸಿಟ್ಟಿಗೆ ಇಷ್ಟು ವರ್ಷ ಒಳಗ ಇದ್ದದ್ದು ಹೊರಗ ಬಂತು. ಬರೇ ಮಾತಾಡ್ರಿ ಅಂದ್ರ ನಾ ಕುದರಿ ಸುದ್ದಿ ಹೇಳಿ ಇಳದ ಬಿಡ್ತೇನಿ. ನೀವು ಹಂಗ ಏನರ ಬರೀರಿ. ಸತ್ತವರ ಮ್ಯಾಲೆ ಬ್ಯಾಡ. ನನ್ನ ಮ್ಯಾಲೆ ಬರೀರಿ."

ಹೀಗಾಗಿ ಮೂರು ದಿನದಿಂದ ಮೇಜಿನ ಮುಂದೆ ಕುಳಿತಿದ್ದೇನೆ. ಗೊತ್ತಿಲ್ಲದವರ ಮೇಲೆ ಸುಳ್ಳು ಬರೆಯುವುದು ಸಲೀಸು, ನೀರು ಹರಿದಂತೆ ಬರುತ್ತದೆ. ಗೊತ್ತಿದ್ದವರ ಮೇಲೆ ಬರೆಯುವ ಕಷ್ಟ ಈಗ ತಿಳಿಯುತ್ತಿದೆ. ಧೀರರು ಎಂದು ಬರೆದೆ. ಗಿರಿಜಾ ಕಡಲೆಬೇಳೆ ಆರಿಸುತ್ತ ಅದನ್ನು ಓದಿಸಿ ಕೇಳಿ, ಇದು ಖರೇನೇ ಇದೆಯಲ್ಲ, ತೆಗೆಯಿರಿ ಎಂದಳು. ಸುಂದರಾಂಗರು ಎಂದೆ. ಅದೂ ಖರೆ. ಕನ್ನಡದ ಮಹಾನ್ ನಟರು ಎಂದು ಬರೆದು ಅವಳ ಮುಖ ನೋಡಿದೆ. ಅವಳು ಸ್ವಲ್ಪ ಯೋಚಿಸಿ, ಅದಕ್ಕೂ ನಾ ಇಲ್ಲ ಅನ್ನಾಕಿ ಅಲ್ಲ ಎಂದಳು. ಒಂದೊಂದಾಗಿ ಎಲ್ಲ ವಿಶೇಷಣಗಳೂ ಹೋದವು. ನಿನ್ನೆ ಸಂಜೆ ಕೊನೆಗೊಂದು ಹೊಳೆಯಿತು. 'ನೀಲಪ್ಪನವರು ಸ್ವಭಾವತಃ ಮಿತಭಾಷಿಗಳು' ಎಂದು ಬರೆದು ಓದಿ ತೋರಿಸಿದೆ. ಗಿರಿಜಾ ಕೈಯಲ್ಲಿದ್ದ ಬೇಳೆ ಮೊರಕ್ಕೆ ಬಿಟ್ಟು, ಇದಕ್ಕೆ ಕಾಕಾ ಏಳದೆ ಇರುವುದಿಲ್ಲ, ಇದೊಂದು ಸಾಲು ಸಾಕು, ಉಳಿದದ್ದು ಹರಿದು ಹಾಕಿರಿ ಎಂದಳು. ನನ್ನ ಮೂವತ್ತು ವರ್ಷದ ಭಾಷಣಗಳಲ್ಲಿ ಒಂದೇ ಸಾಲಿನದು ಎಂದರೆ ಇದೇ ಮೊದಲು. ಆ ಒಂದು ಸಾಲನ್ನಾದರೂ ಅವರು ನನಗೆ ಪೂರ್ತಿ ಓದಗೊಡುತ್ತಾರೋ ಇಲ್ಲವೋ, ಅದೇ ಈಗ ನನ್ನ ಚಿಂತೆ.